ನಕ್ಷತ್ರಕ್ಕೆ ಸೀರೆ ಉಡಿಸಿದ ಅಕ್ಕೋರು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಬಣ್ಣ ಕೂತಿರುತ್ತಿತ್ತು. ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೂ ಅದು ಹೋಗಲಿಲ್ಲ. ರೊಟ್ಟಿ ಬಡಿಯಲಿ, ಹೂ ಕಟ್ಟಲಿ, ಸತ್ತವರ ಮನೆಗೆ ಮಾತಾಡಿಸಲು ಹೋಗಲಿ, ಆ ಉಗುರು ಒಂದು ದಿನ ನೀಲಿ, ಮರುದಿನ ಇಟ್ಟಂಗಿ ಕೆಂಪು. "ತೊಳಕೊಳ್ರಿ ಅಕ್ಕೋರ" ಎಂದು ಯಾರಾದರೂ ಹೇಳಿದರೆ, "ನಿಮ್ಮ ಹಣೀ ಮ್ಯಾಲಿನ ಕುಂಕುಮ ನಾ ಏನರ ಅಂದೇನೇನು?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ನಮ್ಮ ಓಣಿ ಧಾರವಾಡದ ಹೆಬ್ಬಳ್ಳಿ ಅಗಸಿಯ ಹತ್ತಿರ. ಅವರು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿದವರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಹಳೇ ಹುಬ್ಬಳ್ಳಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನನ್ನೂ ಮಕ್ಕಳು ಹಾಗೇ ಕರೆಯುತ್ತಾರೆ. ಆದರೆ ಬಸ್ಸಿಳಿದು ಓಣಿಯೊಳಗೆ ಕಾಲಿಟ್ಟರೆ ಆ ಹೆಸರು ಅವರೊಬ್ಬರದೇ. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆ ಇದ್ದರು. ಮನೆಯಲ್ಲಿ ಅವರ ಮಾತೇ ನಡೆಯುತ್ತಿತ್ತು.

ಟ್ಯಾರೋ ಕಾರ್ಡುಗಳು ಅವರಿಗೆ ಸಿಕ್ಕದ್ದು ತಂಗಿಯ ಮಗಳಿಂದ. ಪುಣೆಯಲ್ಲಿ ಓದುವ ಆ ಹುಡುಗಿ ಹಬ್ಬಕ್ಕೆ ಬಂದಾಗ ಭವಿಷ್ಯ ನೋಡುವ ಉಮೇದಿನಲ್ಲಿ ತಂದಿದ್ದಳು, ಹೋಗುವಾಗ ಬೇಸರವಾಗಿ ಬಿಟ್ಟುಹೋದಳು. ಅಕ್ಕೋರು ಕಟ್ಟು ಬಿಚ್ಚಿ ಚಿತ್ರಗಳನ್ನು ನೋಡಿದರು, ಜೊತೆಗಿದ್ದ ಅರ್ಥ ಹೇಳುವ ಪುಸ್ತಕವನ್ನು ರದ್ದಿಗೆ ಹಾಕಿದರು. "ಚಿತ್ರಾ ನೋಡಾಕ ಪುಸ್ತಕ ಯಾಕ ಬೇಕು? ಬರದವರು ಹೇಳೂದೆಲ್ಲಾ ಚಿತ್ರದಾಗ ಹೇಳ್ಯಾರ." ಒಂದು ತಿಂಗಳೊಳಗೆ ಓಣಿಯ ಹೆಂಗಸರು, ಹಿಂದಿನಿಂದ ಗಂಡಸರೂ, ಅವರ ಪಡಸಾಲೆಗೆ ಬರತೊಡಗಿದರು.

ಅವರ ಪದ್ಧತಿಯೇ ಬೇರೆ. ಒಬ್ಬರಿಗೆ ಒಂದೇ ಕಾರ್ಡು. ಅದರಲ್ಲಿ ಕಾಣುವ ಹತ್ತು ಸಂಗತಿಗಳನ್ನು ಬಂದವರೇ ಹೇಳಬೇಕು, ಅಲ್ಲಿಯವರೆಗೆ ಅಕ್ಕೋರು ಅರ್ಥ ಹೇಳುತ್ತಿರಲಿಲ್ಲ. ಶಾಲೆಯಲ್ಲೂ ಹಾಗೇ ಇದ್ದರಂತೆ, ದಾಸವಾಳವನ್ನು ಅರ್ಧ ತಾಸು ನೋಡದೆ ಪೆನ್ಸಿಲ್ ಮುಟ್ಟುವಂತಿರಲಿಲ್ಲ. ಸಿಟ್ಟೂ ಸಾಕಷ್ಟಿತ್ತು. ಮಿರ್ಚಿ ತಿಂದ ಕೈಯಿಂದ ಕಾರ್ಡು ಮುಟ್ಟಿದರೆ ಕೈಮೇಲೆ ಪಟ್ಟನೆ ಏಟು ಬೀಳುತ್ತಿತ್ತು. ತಾವು ಮಾತ್ರ ಎದುರಿಗೇ ಚುರಮುರಿ ಗಿರಮಿಟ್ಟಿನ ತಟ್ಟೆ ಇಟ್ಟುಕೊಂಡು ಕೂತಿರುತ್ತಿದ್ದರು.

ಒಮ್ಮೆ ಓಣಿಯ ನಿವೃತ್ತ ಪೋಸ್ಟ್‌ಮನ್ ಕಾಕಾ ಬಂದಿದ್ದರು. ಎರಡು ಸಲ ಸೈಕಲ್ ಮೇಲಿಂದ ಬಿದ್ದಿದ್ದರು, ಮನೆಯಲ್ಲಿ ಸೈಕಲ್ ಬಿಡು ಎಂದು ಗಂಟುಬಿದ್ದಿದ್ದರು, ಇವರಿಗೆ ಮನಸ್ಸಿರಲಿಲ್ಲ. ತೆಗೆದರೆ ಬಂದದ್ದು ಸಾವಿನ ಕಾರ್ಡು, ಬಿಳಿ ಕುದುರೆಯ ಮೇಲೆ ಕೂತ ಎಲುಬಿನ ಹಂದರ. "ಕುದರಿ, ಎಲಬು" ಎಂದವರೇ ಕಾಕಾ ಎದ್ದು ಚಪ್ಪಲಿ ಹುಡುಕತೊಡಗಿದರು.

"ಕೂಡ್ರಿ, ಎರಡ ಹೇಳೀರಿ, ಇನ್ನೂ ಎಂಟು ಬಾಕಿ ಅದಾವ" ಎಂದರು ಅಕ್ಕೋರು. "ಕುದರಿ ಓಡಾಕತ್ತೈತೋ, ನಡ್ಯಾಕತ್ತೈತೋ?"

"ನಡ್ಯಾಕತ್ತೈತ್ರಿ."

"ಮತ್ತ ನಿಮಗ್ಯಾಕ ಅವಸರ?"

ಪಡಸಾಲೆಯೆಲ್ಲ ನಕ್ಕಿತು. ಕಾಕಾ ಕೂತರು, ನೋಡಿದರು, ಒಂದೊಂದಾಗಿ ಹೇಳಿದರು. ಕುದುರೆಯ ಕಾಲ ಬಳಿ ರಾಜ ಬಿದ್ದಿದ್ದಾನೆ, ಹುಡುಗಿ ಮುಖ ತಿರುಗಿಸಿದ್ದಾಳೆ, ಒಂದು ಕೂಸು ಮಾತ್ರ ಹೂ ಹಿಡಿದು ಮುಖ ಎತ್ತಿ ನೋಡುತ್ತಿದೆ. "ಇದು ನಿಮ್ಮ ಸಾವಲ್ರಿ" ಎಂದರು ಅಕ್ಕೋರು. "ಒಂದು ಮುಗದ ಮ್ಯಾಲ ಇನ್ನೊಂದು ಬರತೈತಿ ಅಂತ ಬರದಾರ. ಕೂಸಿನ ಕಡೆ ನೋಡ್ರಿ." ಮರುವಾರ ಕಾಕಾನ ಸೈಕಲ್ ಮೇಲೆ ಮೊಮ್ಮಗಳು ಟ್ಯೂಷನ್‌ಗೆ ಹೋಗುವುದನ್ನು ನಾವೆಲ್ಲ ನೋಡಿದೆವು.

ನಾನು ಇದನ್ನೆಲ್ಲ ದೂರದಿಂದ ನೋಡಿ ನಗುತ್ತಿದ್ದವಳು. ವಿಜ್ಞಾನ ಕಲಿಸುವವಳಿಗೆ ಕಾರ್ಡು ಎಂಥದು ಎಂಬ ಬಿಂಕ. ಆ ಬಿಂಕ ಇಳಿದದ್ದು ಸಂಕ್ರಾಂತಿಯ ದಿನ. ಎಳ್ಳು ಹಚ್ಚಿಕೊಂಡು ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಡಲೆಯಷ್ಟು ಗಂಟೊಂದು ಕೈಗೆ ಸಿಕ್ಕಿತು. ಅದು ಏನಿರಬಹುದು ಎಂದು ನನಗೆ ಗೊತ್ತಿತ್ತು, ಅಂಥದಕ್ಕೆ ತಡ ಮಾಡಬಾರದು ಎಂದೂ ಗೊತ್ತಿತ್ತು. ಆದರೂ ಗಂಡನಿಗೆ ಹೇಳಲಿಲ್ಲ, ತಾಯಿಗೆ ಹೇಳಲಿಲ್ಲ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಖರೇ ಹೇಳಬೇಕೆಂದರೆ ಪರೀಕ್ಷೆ ಒಂದು ನೆವ. ದವಾಖಾನೆಯಲ್ಲಿ ಯಾರದೋ ಎದುರು ಕುಪ್ಪಸ ಬಿಚ್ಚಬೇಕಲ್ಲ ಎಂಬ ನಾಚಿಕೆ, ಅದಕ್ಕಿಂತ ದೊಡ್ಡದಾಗಿ, ಅವರು ಏನು ಹೇಳುತ್ತಾರೋ ಎಂಬ ಅಂಜಿಕೆ. ಎರಡು ತಿಂಗಳಲ್ಲಿ ಗಂಟು ಬೆಳೆಯಿತು.

ಒಂದು ರವಿವಾರ ಮುಂಜಾನೆ ಅಕ್ಕೋರ ಮನೆಗೆ ಹೋದೆ. ಮನಸ್ಸಿನಲ್ಲೇ ಒಂದು ಕರಾರು ಮಾಡಿಕೊಂಡಿದ್ದೆ. ಕೆಟ್ಟ ಕಾರ್ಡು ಬಂದರೆ ದವಾಖಾನೆಗೆ ಹೋಗುವುದು, ಒಳ್ಳೆಯದು ಬಂದರೆ ಸುಮ್ಮನಿರುವುದು. ಹತ್ತನೆಯ ತರಗತಿಗೆ ಮಾನವ ಶರೀರದ ಪಾಠ ಮಾಡುವ ಹೆಂಗಸು ಹೀಗೆ ಯೋಚಿಸಿದಳು, ಬರೆಯಲು ಈಗಲೂ ನಾಚಿಕೆಯಾಗುತ್ತದೆ.

"ಒಂದು ಮಾತು ಮನಸಿನ್ಯಾಗ ಇಟಗೊಂಡೇನ್ರಿ, ಏನಂತ ಕೇಳಬ್ಯಾಡ್ರಿ" ಎಂದೆ. ಅವರು ಕೇಳಲಿಲ್ಲ, ಕಾರ್ಡು ಕಲಸಿ ಮುಂದೆ ಹಿಡಿದರು. ನನಗೆ ಬಂದದ್ದು ನಕ್ಷತ್ರದ ಕಾರ್ಡು. ನೋಡಿದ ಕೂಡಲೇ ಎದೆ ಹಗುರಾಯಿತು, ಅಷ್ಟು ತಂಪಾದ ಚಿತ್ರ. ಅವಸರ ಅವಸರವಾಗಿ ಎಣಿಸಿದೆ: ದೊಡ್ಡ ಚಿಕ್ಕಿ, ಸುತ್ತ ಸಣ್ಣ ಚಿಕ್ಕಿಗಳು, ಗುಡ್ಡ, ಗಿಡ, ಗಿಡದ ಮೇಲೊಂದು ಹಕ್ಕಿ, ಹೊಂಡ, ಮೊಣಕಾಲೂರಿದ ಹೆಂಗಸು, ಅವಳ ಎರಡು ಕೊಡ, ಸುರಿಯುವ ನೀರು.

"ಒಂಬತ್ತಾದವು" ಎಂದರು.

"ಸೀರಿ" ಎಂದೆ. ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟಿದ್ದಳು ಆ ಹೆಂಗಸು.

ಅಕ್ಕೋರು ಕಾರ್ಡನ್ನು ತಮ್ಮ ಕಡೆ ಎಳೆದುಕೊಂಡರು. "ಸೀರಿ ಆಕೀದಲ್ಲವ್ವಾ. ನಂದು."

ಮೂಲ ಚಿತ್ರದಲ್ಲಿ ಆ ಹೆಂಗಸು ಬತ್ತಲೆ. ಪಡಸಾಲೆಗೆ ಅತ್ತೆ ಸೊಸೆ ಕೂಡಿಯೇ ಬರುತ್ತಾರೆ, ಮುಜುಗರ ಬೇಡ ಎಂದು ಅಕ್ಕೋರೇ ಸಣ್ಣ ಬ್ರಷ್ಷಿನಿಂದ ಅವಳಿಗೆ ಸೀರೆ ಉಡಿಸಿದ್ದರು. ಒಂದೊಂದು ನೆರಿಗೆಯನ್ನೂ ತಿದ್ದಿದ್ದರು. "ತಪ್ಪ ಮಾಡೇನಿ" ಎಂದರು. "ಬರದವರು ಆಕೀನ ಬತ್ತಲೆ ಯಾಕ ಬರದಾರ? ಆಕಿ ಮುಚ್ಚಿಟ್ಟದ್ದು ಏನೂ ಇಲ್ಲ, ಅದಕ್ಕ. ಅದಕ್ಕ ಇದು ಛಲೋ ಕಾರ್ಡು. ನಾ ಸೀರಿ ಉಡಿಸಿ ಇದರ ಅರ್ಥಾನ ಕೆಡಿಸೇನಿ."

ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬಂದಾಗಿಂದ ನಿನ್ನ ಬಲಗೈ ಎಡ ಎದಿ ಮ್ಯಾಲಿಂದ ಇಳದಿಲ್ಲ. ಏನ ಮುಚ್ಚಿಟ್ಟೀ, ತಂಗಿ?"

ನಾನು ಅತ್ತುಬಿಟ್ಟೆ. ಎರಡು ತಿಂಗಳು ಕಟ್ಟಿಟ್ಟದ್ದನ್ನೆಲ್ಲ ಹೇಳಿದೆ. ಅವರು ತಲೆ ಸವರಲಿಲ್ಲ, ಏನೂ ಆಗೂದಿಲ್ಲ ಎನ್ನಲೂ ಇಲ್ಲ. ಎದ್ದು ಮೊದಲು ಫೋನಿನಲ್ಲಿ ಯಾರನ್ನೋ ಹಿಡಿದು, ಹುಬ್ಬಳ್ಳಿಯಲ್ಲಿ ಇದಕ್ಕೆ ಹೆಣ್ಣು ಡಾಕ್ಟರು ಎಲ್ಲಿದ್ದಾರೆ ಎಂದು ಕೇಳಿದರು.

"ಛಲೋ ಕಾರ್ಡ್ ಬಂದೈತಲ್ರಿ ಅಕ್ಕೋರ" ಎಂದೆ, ಮುಳುಗುವವಳು ಹುಲ್ಲುಕಡ್ಡಿ ಹಿಡಿದ ಹಾಗೆ.

"ಕಾಗದಕ್ಕ ಏನ ಗೊತ್ತಾಗತೈತಿ? ನೀ ವಿಜ್ಞಾನ ಕಲಸಾಕಿ. ನಡಿ, ಮೊದಲ ನಿನ್ನ ಗಂಡಗ ಹೇಳು. ಹೇಳಾಕಿ ನೀನ. ನಾ ಬಾಜೂಕ ನಿಂದರತೇನಿ."

ಹೇಳಿದಂತೆ ಬಾಜೂಕೇ ನಿಂತರು. ಮರುದಿನ ದವಾಖಾನೆಯಲ್ಲಿ ಹೆಸರು ಕರೆದಾಗ ಮೊಣಕೈ ಹಿಡಿದು ನನ್ನನ್ನು ಎಬ್ಬಿಸಿದವರೂ ಅವರೇ. ಗಂಟು ಕೆಟ್ಟದ್ದೇ ಆಗಿತ್ತು. ಆ ಹೆಣ್ಣು ಡಾಕ್ಟರೇ ಎಡ ಎದೆ ತೆಗೆದರು. ಇನ್ನೂ ತಡ ಮಾಡಿದ್ದರೆ ಮಾತು ಬೇರೆಯಿತ್ತು ಎಂದು ಡಾಕ್ಟರು ಹೇಳಿದರು. ಮಗಳು ಪರೀಕ್ಷೆ ಬರೆದಳು, ಪಾಸಾದಳು, ನಾನು ನೆವ ಮಾಡಿಕೊಂಡಷ್ಟೇನೂ ಅವಳಿಗೆ ತೊಂದರೆಯಾಗಲಿಲ್ಲ. ಕೂದಲು ಉದುರಿದ ದಿನಗಳಲ್ಲಿ ಅಕ್ಕೋರು ದಿನಾ ಸಂಜೆ ಬಂದು ಕೂಡುತ್ತಿದ್ದರು. ಕಾರ್ಡಿನ ಮಾತು ಒಮ್ಮೆಯೂ ಎತ್ತಲಿಲ್ಲ, ಓಣಿಯವರ ಚಾಡಿ ಹೇಳಿ ನಗಿಸುತ್ತಿದ್ದರು.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಅದಕ್ಕೆ ಎಂಟು ದಿನ ಮೊದಲು ನೋಡಲು ಹೋಗಿದ್ದೆ. ಹಾಸಿಗೆ ಹಿಡಿದಿದ್ದರು, ಮಾತು ಸಣ್ಣಗಾಗಿತ್ತು. ತಮ್ಮನ ಹೆಂಡತಿ ಚಹಾ ಮಾಡಲು ಒಳಗೆ ಹೋದಾಗ, "ಬಾಗಲಾ ಮುಂದ ಮಾಡು" ಎಂದರು. "ತೋರಸು, ನೋಡತೇನಿ."

ಬಾಗಿಲು ಮುಚ್ಚಿ ಬಂದೆ, ಏನನ್ನು ಎಂದು ಕೇಳಲಿಲ್ಲ. ಆ ಗಾಯವನ್ನು ಡಾಕ್ಟರು, ನರ್ಸ್ ಬಿಟ್ಟರೆ ಯಾರೂ ನೋಡಿರಲಿಲ್ಲ. ಗಂಡ ಪಾಪ, ಹೇಗಿದೆ ಎಂದು ಗೋಡೆ ನೋಡುತ್ತ ಕೇಳುತ್ತಿದ್ದರು. ನಾನೇ ಅದನ್ನು ನೋಡಿರಲಿಲ್ಲ, ಮೂರು ವರ್ಷ ಕಣ್ಣು ಮುಚ್ಚಿ ಮೈಗೆ ನೀರು ಹಾಕಿಕೊಂಡಿದ್ದೆ. ಕುಪ್ಪಸದ ಗುಂಡಿ ಬಿಚ್ಚಿದೆ. ಅವರು ಕನ್ನಡಕ ಕೇಳಿ ಹಾಕಿಕೊಂಡರು, ಅವಸರವಿಲ್ಲದೆ ನೋಡಿದರು. ಚಿತ್ರದ ಹಾಳೆ ತೋರಿಸಲು ನಿಂತ ಹುಡುಗಿಯ ಹಾಗೆ ನಾನು ನಿಂತಿದ್ದೆ.

"ಗೆರಿ ಛಂದ ಬಂದೈತಿ" ಎಂದರು. "ಕೈ ನಡುಗಿಲ್ಲ ಆಕೀದು."

ಮನೆಗೆ ಬಂದೆ. ಚಿಲಕ ಹಾಕಿ, ದೀಪ ಹಚ್ಚಿ, ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಖರೇನೇ ಇತ್ತು, ಗೆರೆ ಛಂದ ಬಂದಿತ್ತು.