ಅಮ್ಮನ ಮಡಿಲಿನಿಂದ ಎತ್ತಿದ ತಡ್ಪೆ

ಮೂಡುಬಿದಿರೆಯಲ್ಲಿ, ಮುಂದೆ ಶಿಕ್ಷಕರಾಗುವವರಿಗೆ ನಾನು ಮಾನವ ವಿಕಾಸ ಎಂಬ ವಿಷಯ ಪಾಠ ಮಾಡುತ್ತೇನೆ. ಮಗುವಿನ ಕತ್ತು ಯಾವಾಗ ನಿಲ್ಲುತ್ತದೆ, ಮಾತು ಯಾವಾಗ ಬರುತ್ತದೆ, ಹದಿಹರೆಯದವರು ಯಾಕೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ, ಎಲ್ಲ ನನಗೆ ಬಾಯಿಪಾಠ. ಪುಸ್ತಕದಲ್ಲಿ ಮಕ್ಕಳಿಗೆ ಅಧ್ಯಾಯದ ಮೇಲೆ ಅಧ್ಯಾಯ. ವಯಸ್ಸಾದವರಿಗೆ ಕೊನೆಯ ಒಂದೂವರೆ ಪುಟ, ಅದರಲ್ಲೂ ಅರ್ಧ ವಿಶ್ರಾಂತಿಯ ಬಗ್ಗೆ. ಅದನ್ನು ವರ್ಷ ವರ್ಷವೂ ಹತ್ತು ನಿಮಿಷದಲ್ಲಿ ಮುಗಿಸಿ ಬಂದವಳು ನಾನೇ. ಈಗ ನೆನೆದರೆ ಮೈ ಉರಿಯುತ್ತದೆ.

ಅಮ್ಮ ಇರುವುದು ಲಾಯಿಲದಲ್ಲಿ, ಅಣ್ಣನ ಜೊತೆ. ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟಿದವರು. ಅಪ್ಪ ಬೇಗ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಓದಿಸಿದ್ದೂ ಆ ಬೀಡಿಯೇ. ಬೀಡಿ ಕಟ್ಟುವಾಗ ಮಡಿಲಲ್ಲಿ ಇಟ್ಟುಕೊಳ್ಳುವ ಮೊರಕ್ಕೆ ನಮ್ಮಲ್ಲಿ ತಡ್ಪೆ ಎನ್ನುತ್ತಾರೆ. ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ. ಎಪ್ಪತ್ತು ದಾಟಿ ಜನರ ಹೆಸರು ಮರೆಯಲು ಶುರುವಾದ ಮೇಲೂ ಅಮ್ಮನ ಕೈ ಏನನ್ನೂ ಮರೆತಿರಲಿಲ್ಲ. ಮಾತಾಡುತ್ತ, ಯಾರನ್ನೋ ಬೈಯುತ್ತ, ಒಂದೇ ಅಳತೆಯ ಬೀಡಿ ಸುತ್ತುತ್ತಿದ್ದರು.

ಅಷ್ಟರಲ್ಲಿ ಅಣ್ಣನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದೆಂದಾಯಿತು.

"ಜಗಲಿಗೆ ಕಾಲಿಡುವಾಗಲೇ ಹೊಗೆಸೊಪ್ಪಿನ ವಾಸನೆ. ಬಂದವರು ಏನು ಗ್ರಹಿಸಿಯಾರು? ಅಮ್ಮನಿಗೆ ಕೆಮ್ಮು ಬೇರೆ ಉಂಟು. ಇನ್ನು ಸಾಕು, ಆರಾಮ ಕೂತುಕೊಳ್ಳಲಿ" ಎಂದ ಅಣ್ಣ.

ಕೆಮ್ಮು ನಿಜ. ಆದರೆ ಇಪ್ಪತ್ತು ವರ್ಷದಿಂದ ಇದ್ದ ಕೆಮ್ಮು ಅಣ್ಣನಿಗೆ ಕೇಳಿಸಿದ್ದು ಜಗಲಿಗೆ ಟೈಲ್ಸ್ ಹಾಕಿಸಿದ ಮೇಲೆ. ನಾನಾದರೂ ಬೇಡ ಎಂದೆನೋ, ಅದೂ ಇಲ್ಲ. ಅಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ತಡ್ಪೆಯನ್ನು ಎತ್ತಿ ಕಾರಿನ ಹಿಂದಿನ ಸೀಟಿಗೆ ಹಾಕಿದ್ದು ನಾನೇ. ಮೂಡುಬಿದಿರೆಗೆ ವಾಪಸು ಹೋಗುವ ದಾರಿಯಲ್ಲಿ ವೇಣೂರಿನಲ್ಲಿ ಬೀಡಿ ಕಟ್ಟುವ ಪರಿಚಯದ ಹೆಂಗಸೊಬ್ಬರಿಗೆ ಕೊಟ್ಟುಬಿಟ್ಟೆ. ಒಳ್ಳೆಯ ಕೆಲಸ ಮಾಡಿದೆನೆಂಬ ಜಂಬ ಬೇರೆ.

ಮೊದಲ ವಾರ ಅಮ್ಮ ಹುಡುಕಿದರು. "ಸಿಗ್ತದೆ ಅತ್ತೆ, ಸಿಗ್ತದೆ" ಎಂದು ಅತ್ತಿಗೆ ದಿನ ದೂಡಿದರು. ಆಮೇಲೆ ಹುಡುಕುವುದು ನಿಂತಿತು. ಟಿವಿಯ ಮುಂದೆ ಕೂತು ಸೆರಗಿನ ಅಂಚನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಎರಡು ಸೀರೆಗಳ ಅಂಚು ಹರಿದುಹೋಯಿತು. ಊಟವಾಯಿತೋ ಇಲ್ಲವೋ ಎಂಬುದೂ ತಿಳಿಯದಾಯಿತು. ಎಂಟು ತಿಂಗಳಾಗುವಾಗ ನಾನೂ ಅಣ್ಣನೂ ಸೇರಿ ಡಾಕ್ಟರರ ಬಳಿ ಕರೆದುಕೊಂಡು ಹೋದೆವು.

ಡಾಕ್ಟರರು ಒಳ್ಳೆಯವರು, ತುಳುವಿನಲ್ಲೇ ಮಾತಾಡಿಸಿದರು. "ಅಮ್ಮ, ಇವತ್ತು ಯಾವ ವಾರ?"

"ಅದೆಲ್ಲ ಅವರಿಗೆ ಗೊತ್ತಾಗುವುದಿಲ್ಲ ಡಾಕ್ಟ್ರೇ" ಎಂದ ಅಣ್ಣ.

"ಮಕ್ಕಳು ಎಷ್ಟು?"

"ನಾವು ಇಬ್ಬರೇ."

"ರಾತ್ರಿ ನಿದ್ರೆ ಬರ್ತದಾ?"

"ಬರ್ತದೆ, ಬರ್ತದೆ." ಅದೂ ಅಣ್ಣನೇ.

"ನೀವು ಸ್ವಲ್ಪ ಸುಮ್ಮನಿರಿ ಮಾರಾಯ್ರೆ, ಅವರು ಹೇಳಲಿ" ಎಂದು ಡಾಕ್ಟರರು ಮತ್ತೆ ವಾರ ಕೇಳಿದರು.

ಅಮ್ಮ ಸೆರಗಿನ ಅಂಚು ಸುತ್ತುತ್ತಲೇ ಇದ್ದರು. "ಬೀಡಿ ಕೊಡ್ಲಿಕ್ಕೆ ಹೋದರಲ್ವಾ ವಾರ ಗೊತ್ತಾಗುವುದು" ಎಂದರು.

ಅಮ್ಮ ಒಂದು ದಿನವೂ ಗೋಡೆಯ ಕ್ಯಾಲೆಂಡರ್ ನೋಡಿದವರಲ್ಲ. ಅವರಿಗೆ ಇದ್ದದ್ದು ಎಲೆ ತರುವ ದಿನ, ನೆನೆಸಿ ಕತ್ತರಿಸುವ ದಿನ, ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗಿ ಕೊಡುವ ದಿನ. ಅಲ್ಲಿ ಸಾಲಿನಲ್ಲಿ ನಿಂತ ಹೆಂಗಸರ ಜೊತೆ ಸುದ್ದಿ, ನಗೆ, ಜಗಳ. ದೈಹಿಕ, ಬೌದ್ಧಿಕ, ಸಾಮಾಜಿಕ ಎಂದು ಬೋರ್ಡಿನಲ್ಲಿ ಗೆರೆ ಎಳೆದು ಮೂರು ಭಾಗ ಮಾಡಿ ಬರೆಸುತ್ತೇನಲ್ಲ, ಅಮ್ಮನಿಗೆ ಆ ಮೂರೂ ಇದ್ದದ್ದು ಒಂದು ತಡ್ಪೆಯಲ್ಲಿ. ಅದನ್ನು ಕಳ್ಳಿಯ ಹಾಗೆ ಸಾಗಿಸಿದವಳು, ಈಗ ವಾರ ಯಾವುದೆಂದು ಕೇಳಿಸಲು ಕರೆತಂದಿದ್ದೇನೆ. ನಾಚಿಕೆಯಾಗಬೇಕು ನನ್ನ ಓದಿಗೆ.

ಹೊರಗೆ ಬಂದವಳೇ ಅಣ್ಣನಿಗೆ ಬಾಯಿಗೆ ಬಂದಂತೆ ಬೈದೆ. "ನಿನ್ನ ಮರ್ಯಾದೆ ಉಳಿಸ್ಲಿಕ್ಕೆ ಅಮ್ಮನನ್ನು ಗೊಂಬೆ ಮಾಡಿ ಕೂರಿಸಿದಿ."

"ಕಾರಿಗೆ ಹಾಕಿದ್ದು ಯಾರು?" ಎಂದ.

ನಾನು ಅಮ್ಮನ ಕೈ ಹಿಡಿದು ಕಾರು ಹತ್ತಿಸಿದೆ.

ಮರುದಿನ ಪೇಟೆಯಿಂದ ಹೊಸ ತಡ್ಪೆ ತಂದೆ. ಪಕ್ಕದ ಮನೆಯವರಿಂದ ನೆನೆಸಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು ಕೇಳಿ ತಂದು ಅಮ್ಮನ ಮುಂದಿಟ್ಟೆ. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಮ್ಮನ ಬೆರಳು ಎಲೆಯನ್ನು ಮುಟ್ಟಿತು, ಕೂಡಲೇ ಹಿಂದೆ ಸರಿಯಿತು.

"ಅಮ್ಮ, ನಿಮಗೆ ಬೀಡಿ ಕಟ್ಬೇಕಾ, ಬೇಡ್ವಾ? ನೀವೇ ಹೇಳಿ" ಎಂದೆ. ಅಮ್ಮನಿಗೆ ಏನು ಬೇಕೆಂದು ನಾನು ಕೇಳಿದ್ದು ಅದೇ ಮೊದಲು.

ಅಮ್ಮ ನನ್ನ ಮುಖ ನೋಡಲಿಲ್ಲ. ಬಾಗಿಲ ಕಡೆ ನೋಡಿದರು.

"ಅಣ್ಣನ ಹತ್ರ ಕೇಳು" ಎಂದರು.

ಹೆಸರು, ವಾರ, ಊಟ ಎಲ್ಲ ಮರೆತ ನನ್ನ ಅಮ್ಮ ಆ ಎಂಟು ತಿಂಗಳಲ್ಲಿ ಹೊಸದಾಗಿ ಕಲಿತದ್ದು ಇದೊಂದನ್ನೇ. ಕಲಿಸಿದವರು ನಾವು.