ಬೀದಿಯವರ ನಾಯಿ, ನನ್ನ ಹೆಸರು

ಮೊನ್ನೆ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಮಳೆಗೆ ಸಿಕ್ಕಿ ನಿಂತಿದ್ದೆ. ನನಗಿಂತ ಚೆನ್ನಾಗಿ ನೆನೆದಿದ್ದ ಒಂದು ಕಂದು ನಾಯಿ ಎಲ್ಲಿಂದಲೋ ಬಂದು, ಅಷ್ಟು ಜನರಲ್ಲಿ ನನ್ನನ್ನೇ ಆರಿಸಿಕೊಂಡು, ಪಕ್ಕದಲ್ಲಿ ನಿಂತು ಮೈ ಕೊಡವಿತು. ಅಂದೇ ಮಡಿಕೆ ಬಿಚ್ಚಿ ಉಟ್ಟಿದ್ದ ಸೀರೆ. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ವಾಸನೆ ಮೂಗಿಗೆ ಬಡಿಯಿತು. ಒದ್ದೆ ನಾಯಿಯ ವಾಸನೆ ನಿಮಗೆ ಗೊತ್ತಿದ್ದರೆ ನಾನು ವರ್ಣಿಸಬೇಕಾಗಿಲ್ಲ, ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ನನಗೆ ಮಾತ್ರ ಆ ವಾಸನೆ ಬಂದರೆ ಒಂದು ಅಖಿಲ ಭಾರತ ಸಂಸ್ಥೆ ನೆನಪಾಗುತ್ತದೆ.

ನಗಬೇಡಿ. ಅಖಿಲ ಭಾರತ ಶ್ವಾನಪಾಲಕರ ಮಹಾಮಂಡಲಕ್ಕೆ ನಾನು ಕೆಲವು ವರ್ಷ ಪ್ರಧಾನ ಕಾರ್ಯದರ್ಶಿಯಾಗಿದ್ದೆ. ಕೇಂದ್ರ ಕಚೇರಿ ಗುಂಡ್ಲುಪೇಟೆಯಲ್ಲಿ, ಅರಿಸಿನದ ಮಂಡಿಯ ಮೇಲಿನ ಕೋಣೆಯಲ್ಲಿತ್ತು. ಮಂಡಿಯ ಯಜಮಾನರಾದ ಗುರುಮಲ್ಲಪ್ಪನವರೇ ಸ್ಥಾಪಕರು, ಅವರೇ ಅಧ್ಯಕ್ಷರು. ಅರಿಸಿನದ ಧೂಳಿಗೆ ನಮ್ಮ ಲೆಟರ್‌ಹೆಡ್ಡುಗಳೆಲ್ಲ ಮದುವೆಯ ಕಾಗದದಂತೆ ಹಳದಿಯಾಗಿಬಿಡುತ್ತಿದ್ದವು. ಗುಂಡ್ಲುಪೇಟೆಯಂಥ ಊರಲ್ಲಿ ಅಖಿಲ ಭಾರತ ಹೇಗೆ ಅಂತ ಕೇಳುತ್ತೀರಿ. ನಮ್ಮೂರಲ್ಲಿ ರಸ್ತೆ ಕವಲೊಡೆದು ಒಂದು ಊಟಿಗೆ, ಒಂದು ಕೇರಳಕ್ಕೆ ಹೋಗುತ್ತದೆ. ತಮಿಳುನಾಡಿನ ಗೂಡಲೂರಿನಲ್ಲಿ ಅಲ್ಸೇಶಿಯನ್ ಸಾಕಿದವರ ಕ್ಲಬ್ ಒಂದಿತ್ತು, ವಯನಾಡಿನ ಕಡೆ ಎರಡಿದ್ದವು. ಮೊದಲು ಒಂದೇ ಇತ್ತು. ಯಾರ ನಾಯಿ ಯಾರ ಮನೆಯ ಮುಂದೆ ಬೊಗಳಿತು ಎಂಬ ವಿಷಯದಲ್ಲಿ ಒಡೆದು ಎರಡಾಯಿತು. ಇನ್ನು ಉತ್ತರ ಭಾರತದ ಪ್ರತಿನಿಧಿಯಾಗಿ ಗುರುಮಲ್ಲಪ್ಪನವರ ಷಡ್ಡಕನ ಮಗ ಮಿಲಿಟರಿಯಲ್ಲಿದ್ದ. ಅವನ ಹತ್ತಿರ ನಾಯಿ ಇರಲಿಲ್ಲ, ವಿಳಾಸ ಮಾತ್ರ ಇತ್ತು. ಅಖಿಲ ಭಾರತಕ್ಕೆ ಇನ್ನೇನು ಬೇಕು?

ನನಗೆ ನಾಯಿ ಕಂಡರೆ ಆಗುತ್ತಿರಲಿಲ್ಲ. ಕಾರ್ಯದರ್ಶಿಯಾಗಲು ಅದೇ ನನ್ನ ಅರ್ಹತೆ. ನಾನು ನಡೆಸುತ್ತಿದ್ದ ಟೈಪಿಂಗ್ ಶಾಲೆಗೆ ಬೀಗ ಹಾಕಿ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ಗುರುಮಲ್ಲಪ್ಪನವರು ತಾವೇ ಬಂದು ಕರೆದಿದ್ದರು.

“ನಾಯಿ ಮಡಿಕ್ಕಂಡಿರೋರ್ನ ಕೂರ್ಸುದ್ರೆ ತಮ್ಮ ನಾಯೀನೇ ಹೆಚ್ಚು ಅಂತಾರೆ ಕಣಮ್ಮ. ನಾಯಿ ಕಂಡ್ರೆ ಮೂಗು ಮುರಿಯೋರೇ ಬೇಕು ಈ ಸೀಟ್ಗೆ” ಎಂದಿದ್ದರು.

ಬಾಯಿಮಾತಿಗೆ ಬಿಡದೆ ಅದನ್ನು ನಿಯಮಾವಳಿಯಲ್ಲೇ ಸೇರಿಸಿದರು: ಪ್ರಧಾನ ಕಾರ್ಯದರ್ಶಿ ನಾಯಿಯ ಒಡೆತನ ಹೊಂದಿರತಕ್ಕದ್ದಲ್ಲ. ನಾನು ಖುಷಿಯಾಗಿ ಒಪ್ಪಿದೆ. ನಿಜ ಹೇಳುತ್ತೇನೆ, ಆ ಕುರ್ಚಿ ನನಗೆ ಬಹಳ ಇಷ್ಟವಾಗಿತ್ತು. ಮೂರು ರಾಜ್ಯಗಳಿಂದ ಫೋನು ಬರುತ್ತಿತ್ತು, ಎಲ್ಲರೂ ಸೆಕ್ರೆಟರಿ ಮೇಡಂ ಎನ್ನುತ್ತಿದ್ದರು. ಮನೆಯಲ್ಲಿ ನನ್ನನ್ನು ಯಾರೂ ಅಷ್ಟು ಮರ್ಯಾದೆಯಿಂದ ಕರೆದದ್ದಿಲ್ಲ.

ಗುರುಮಲ್ಲಪ್ಪನವರ ಲ್ಯಾಬ್ರಡಾರ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದರ ಹೆಸರು ನಂದೀಶ. ಯಜಮಾನರು ಶಿವಪೂಜೆ ಮುಗಿಸಿ ತಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಉಳಿದದ್ದನ್ನು ಅದರ ಹಣೆಗೂ ಬಳಿಯುತ್ತಿದ್ದರು. ಅದಕ್ಕೆ ದಿನವೂ ಮೊಸರನ್ನ, ಸೋಮವಾರ ಯಜಮಾನರ ಜೊತೆ ಒಪ್ಪತ್ತು. ಹುಟ್ಟಿದಾಗಿನಿಂದ ಮಾಂಸ ಮುಟ್ಟಿಲ್ಲ ಎಂದು ಸಭೆಗಳಲ್ಲಿ ಎದೆತಟ್ಟಿ ಹೇಳುತ್ತಿದ್ದರು. ಸೋಮವಾರ ಮಧ್ಯಾಹ್ನ ನಂದೀಶ ವಿಭೂತಿ ಸಮೇತ ಕೇರಳದವರ ಹೋಟೆಲಿನ ಹಿಂಬಾಗಿಲಲ್ಲಿ ಮೀನಿನ ತಲೆಗಾಗಿ ಕಾಯುವುದನ್ನು ಇಡೀ ಪೇಟೆ ನೋಡಿತ್ತು. ಯಾರೂ ಅವರಿಗೆ ಹೇಳಲಿಲ್ಲ. ಹೇಳುವುದು ನನ್ನ ಕೆಲಸವೂ ಆಗಿರಲಿಲ್ಲ, ನಾನು ನಿಷ್ಪಕ್ಷಪಾತಿ.

ಆದರೆ ಮಹಾಮಂಡಲವನ್ನು ನಿಜವಾಗಿ ಆಳುತ್ತಿದ್ದದ್ದು ಅಧ್ಯಕ್ಷರಲ್ಲ, ಬಂಡೀಪುರದ ಕಾಡಿನ ಗೇಟು. ರಾತ್ರಿ ಒಂಬತ್ತಕ್ಕೆ ಗೇಟು ಹಾಕಿದರೆ ಆಚೆ ರಾಜ್ಯದವರು ಮನೆ ಸೇರುವುದು ಮಾರನೆಯ ದಿನವೇ. ಹಾಗಾಗಿ ನಮ್ಮ ಸಭೆ ಎಷ್ಟೇ ಕಾವೇರಿರಲಿ, ಸಂಜೆ ಮುಗಿಯುತ್ತಿದ್ದ ಹಾಗೆ ತಮಿಳುನಾಡು, ಕೇರಳ ಎರಡೂ ಎದ್ದು ಚಪ್ಪಲಿ ಹುಡುಕುತ್ತಿದ್ದವು. ಹೊರರಾಜ್ಯದವರು ಹಾಜರಿಲ್ಲದೆ ನಿಯಮ ತಿದ್ದುವ ಹಾಗಿರಲಿಲ್ಲ. ಇದರ ಮರ್ಮ ತಿಳಿದವರು ನಮ್ಮ ಉಪಾಧ್ಯಕ್ಷರು, ಚಾಮರಾಜನಗರದ ನಾಗೇಂದ್ರಪ್ಪ. ನಿವೃತ್ತ ಓವರ್ಸಿಯರ್, ಡಾಬರ್‌ಮನ್ ಸಾಕಿದವರು, ಕಚೇರಿಯನ್ನು ಜಿಲ್ಲಾ ಕೇಂದ್ರಕ್ಕೆ ಒಯ್ಯಬೇಕೆಂದು ಹಟ ತೊಟ್ಟವರು. ಬೇಡದ ವಿಷಯ ಬಂದರೆ ಅವರು ವಿರೋಧಿಸುತ್ತಿರಲಿಲ್ಲ, ಬೆಂಬಲಿಸಿ ಮಾತಿಗೆ ನಿಲ್ಲುತ್ತಿದ್ದರು. ಗೇಟು ಹಾಕುವ ಹೊತ್ತು ಹತ್ತಿರವಾಗುವವರೆಗೂ ಬೆಂಬಲಿಸುತ್ತಿದ್ದರು.

ಅಂಥದ್ದರಲ್ಲಿ ಒಂದು ದಿನ ಸಿದ್ದಮ್ಮ ಬಂದಳು. ಬೇಗೂರಿನ ಆಚೆಯ ಒಂದು ಹಳ್ಳಿಯವಳು, ಚೆಂಡುಹೂವಿನ ಹೊಲಗಳಲ್ಲಿ ಕೆಲಸ ಮಾಡುವವಳು. ಅವಳ ಹಿಂದೆ ಮಹಡಿ ಮೆಟ್ಟಿಲ ತುಂಬ ಅವಳ ಬೀದಿಯ ಜನ. ಎಲ್ಲರ ಮುಂದೆ ಒಂದು ಕರಿ ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಹಂದಿ ಹರಿದದ್ದು. ಒಡೆಯರಿಲ್ಲದ ನಾಯಿಗಳನ್ನು ಹಿಡಿದೊಯ್ಯುವ ವ್ಯಾನೊಂದು ಹಳ್ಳಿಹಳ್ಳಿಗೂ ಬರುತ್ತದೆ ಎಂಬ ಸುದ್ದಿ ಆಗ ಹಬ್ಬಿತ್ತು. ಕೊರಳಲ್ಲಿ ನಮ್ಮ ಮಹಾಮಂಡಲದ ಹಿತ್ತಾಳೆ ಬಿಲ್ಲೆ ಇದ್ದರೆ ಮುಟ್ಟುವುದಿಲ್ಲ ಎಂಬುದು ಅದರ ಬಾಲ. ಈ ಬಾಲವನ್ನು ಸೇರಿಸಿದ್ದು ಗುರುಮಲ್ಲಪ್ಪನವರೇ ಎಂದು ನನ್ನ ಗುಮಾನಿ.

“ಒಂದ್ ಬಿಲ್ಲೆ ಕೊಡಿ ಕಣವ್ವ” ಎಂದಳು ಸಿದ್ದಮ್ಮ.

“ಒಡೆಯರು ಯಾರು?”

“ನಾವೇ.”

“ನೀವೇ ಅಂದ್ರೆ ಯಾರಮ್ಮ? ಒಂದು ನಾಯಿಗೆ ಒಬ್ಬರೇ ಒಡೆಯರು, ಅದು ನಿಯಮ.”

“ಬೆಳಿಗ್ಗೆ ನಮ್ಮನೇಲಿ ಮುದ್ದೆ ತಿಂತದ. ಮಧ್ಯಾನ ಮಾದಪ್ಪನ ಜಗುಲೀಲಿ ಮನೀಕತದ. ಕತ್ಲಾದ್ರೆ ಎಲ್ಲಾರ ಒಲಾನೂವೆ ಕಾಯ್ತದ, ಹಂದಿ ಬರಕ್ಕೆ ಬುಡಲ್ಲ. ಒಬ್ಬರ ಎಸ್ರು ಬರುದ್ರೆ ಮಿಕ್ಕೋರು ಅವರ ನಾಯಿ ಅಂತ ಮುದ್ದೆ ಆಕದ ಬುಟ್ಬುಡ್ತಾರೆ. ಆಮೇಲೆ ಅದು ಒಬ್ಬರ ಒಲಾನೇ ಕಾಯ್ಬೇಕಾ? ಅದಕ್ಕೇನ್ ತಿಳಿತದೆ?”

ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ತಿರುವಿದೆ. ಬೀದಿ ಎಂಬ ಪದವೇ ಅದರಲ್ಲಿರಲಿಲ್ಲ. ನಾಯಿ ನನ್ನ ಮೇಜಿನ ಕಾಲನ್ನು ಮೂಸಿ, ಅದನ್ನು ಯಾವುದಕ್ಕೆ ಬಳಸಬಹುದೆಂದು ಯೋಚಿಸುತ್ತಿತ್ತು. ಮಹಾಸಭೆಗೆ ಬನ್ನಿ, ಒಂದು ಬೀದಿಯೂ ನಾಯಿಗೆ ಒಡೆಯ ಆಗಬಹುದು ಎಂದು ತಿದ್ದುಪಡಿ ತರಲು ಕೇಳೋಣ ಎಂದು ಹೇಳಿ ಕಳಿಸಿದೆ.

ಮಹಾಸಭೆಯ ದಿನ ಛತ್ರದ ಹಾಲಿಗೆ ಅವರೆಲ್ಲ ಬೆಳಿಗ್ಗೆಯೇ ಟೆಂಪೋದಲ್ಲಿ ಬಂದು, ಮೂಲೆಯಲ್ಲಿ ನಾಯಿಯನ್ನು ನಡುವೆ ಕೂರಿಸಿಕೊಂಡು ಕೂತರು. ಗೂಡಲೂರಿನವರು ತಿದ್ದುಪಡಿಗೆ ಒಪ್ಪಿದರು. ವಯನಾಡಿನ ಎರಡು ಕ್ಲಬ್ಬುಗಳು ಒಡೆದ ಮೇಲೆ ಮೊದಲ ಸಲ ಒಂದೇ ಮಾತು ಆಡಿದವು. ಗೆದ್ದೆವು ಅಂದುಕೊಂಡೆ. ಆಗ ನಾಗೇಂದ್ರಪ್ಪನವರು ಬೆಂಬಲಿಸಲು ಎದ್ದು ನಿಂತರು.

ಧರ್ಮರಾಯನ ಹಿಂದೆ ಹೋದ ನಾಯಿಯಿಂದ ಶುರು ಮಾಡಿದರು. ಜಾತಿ ನಾಯಿ ಎಂದರೇನು, ಬೆರಕೆ ಎಂದರೇನು, ತಮ್ಮ ಡಾಬರ್‌ಮನ್ನಿನ ಮುತ್ತಜ್ಜ ಯಾವ ದೇಶದವನು, ಎಲ್ಲ ಬಂತು. ಕಾಫಿ ಬಂತು, ಬೋಂಡ ಬಂತು, ಕಿಟಕಿಯ ಬಿಸಿಲು ಹೋಯಿತು. ವಯನಾಡಿನವರು ಗಡಿಯಾರ ನೋಡಿದರು, ಗೂಡಲೂರಿನವರು ಬಾಗಿಲು ನೋಡಿದರು. ಕೊನೆಗೆ ಒಬ್ಬೊಬ್ಬರೇ ನನ್ನ ಹತ್ತಿರ ಬಂದು, “ಗೇಟು ಮೇಡಂ” ಎಂದು ಕೈ ಮುಗಿದು ಹೊರಟರು. ಅಖಿಲ ಭಾರತ ನೋಡನೋಡುತ್ತಿದ್ದ ಹಾಗೆ ಒಂದು ಜಿಲ್ಲೆಯಾಯಿತು, ತಿದ್ದುಪಡಿ ಬಿದ್ದುಹೋಯಿತು. ನಾಗೇಂದ್ರಪ್ಪನವರು ಆಗ ಕೂತುಕೊಂಡು ನೀರು ಕುಡಿದರು.

ಸಿದ್ದಮ್ಮನಿಗೆ ಏನಾಯಿತೆಂದು ತಿಳಿಯಲಿಲ್ಲ. “ಬಿಲ್ಲೆ ಯಾವಾಗ ಕೊಡ್ತಾರವ್ವ?” ಎಂದು ನನ್ನನ್ನು ಕೇಳಿದಳು. ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ತೋರಿಸುವುದು? ನಿಯಮಾವಳಿಯನ್ನು ಟೈಪ್ ಮಾಡಿದವಳು ನಾನೇ.

ಗೆದ್ದ ಗತ್ತಿನಲ್ಲಿದ್ದ ನಾಗೇಂದ್ರಪ್ಪನವರು ಧಾರಾಳವಾದರು. “ಈಗಿರುವ ನಿಯಮದ ಪ್ರಕಾರವೇ ಕೊಡೋಣ. ಎಲ್ಲರೂ ಕರೀರಿ, ಅದು ಯಾರ ಹತ್ರ ಹೋಗುತ್ತೋ ಅವರೇ ಒಡೆಯರು. ನಾಯಿ ಸುಳ್ಳು ಹೇಳಲ್ಲ” ಎಂದರು.

ಬೀದಿಯವರೆಲ್ಲ ಗೋಡೆಗೆ ಒರಗಿ ಸಾಲಾಗಿ ನಿಂತರು. ನಾಯಿಯನ್ನು ನಡುವೆ ಬಿಟ್ಟರು. ಆಗ ಗೊತ್ತಾಯಿತು, ಅದಕ್ಕೆ ಮನೆಗೊಂದು ಹೆಸರು. ಒಬ್ಬ ಕರಿಯ ಎಂದ, ಒಬ್ಬ ರಾಜ ಎಂದ, ಒಬ್ಬಳು ಟೈಗರ್ ಎಂದಳು. ಸಿದ್ದಮ್ಮ “ಬಾ ಮಗ” ಎಂದಳು. ನಾಯಿ ನಾಲ್ಕು ದಿಕ್ಕಿಗೂ ಬಾಲ ಆಡಿಸಿತು. ಆ ಕಡೆ ಒಂದು ಹೆಜ್ಜೆ, ಈ ಕಡೆ ಒಂದು ಹೆಜ್ಜೆ ಇಟ್ಟು ಕುಂಯ್‌ಗುಟ್ಟಿತು. ಯಾರ ಮನಸ್ಸು ನೋಯಿಸುವುದೆಂದು ತಿಳಿಯದೆ ಒದ್ದಾಡುತ್ತಿದ್ದ ಆ ಪ್ರಾಣಿಯನ್ನು ನೋಡಿ, ನಾಯಿ ಕಂಡರಾಗದ ನನಗೂ ಪಾಪ ಎನಿಸಿತು. ಆಮೇಲೆ ಅದು ಎಲ್ಲರನ್ನೂ ಬಿಟ್ಟು ನೆಟ್ಟಗೆ ವೇದಿಕೆ ಹತ್ತಿ ಬಂದು ನನ್ನ ಕಾಲ ಮೇಲೆ ಕೂತಿತು. ಪ್ರೀತಿಯಿಂದಲ್ಲ, ನನ್ನ ಬ್ಯಾಗಿನಲ್ಲಿ ಕೋಡುಬಳೆ ಇತ್ತು.

ಇಡೀ ಸಭೆ ಬಿದ್ದುಬಿದ್ದು ನಕ್ಕಿತು. “ಬರೆದುಕೊಳ್ಳಿ ಮೇಡಂ, ನಿಮ್ಮದೇ ನಾಯಿ!” ಎಂದು ನಾಗೇಂದ್ರಪ್ಪನವರೂ ನಕ್ಕರು. ನಗದೆ ಇದ್ದವಳು ಸಿದ್ದಮ್ಮ ಒಬ್ಬಳೇ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ನಾನು ಬರೆದುಕೊಂಡೆ. ಒಡೆಯರ ಹೆಸರು ಎಂಬಲ್ಲಿ ನನ್ನ ಹೆಸರು ಬರೆದು, ಮೊಹರು ಒತ್ತಿ, ಬಿಲ್ಲೆಯನ್ನು ತೆಗೆದು ನಾಯಿಯ ಕೊರಳಿಗೆ ನಾನೇ ಕಟ್ಟಿದೆ. ಅದೇ ಮೊದಲು ನಾನು ನಾಯಿ ಮುಟ್ಟಿದ್ದು. ನಗು ನಿಂತಿತು. ಗುರುಮಲ್ಲಪ್ಪನವರು ತಲೆಗೆ ಕೈ ಹೊತ್ತು, “ಏನ್ ಮೇಡಂನೋರೆ, ಹಿಂಗ್ ಮಾಡ್ಬುಟ್ರಿ! ನಿಮ್ ಸೀಟ್ ಓಯ್ತಲ್ಲ!” ಎಂದರು.

ಹೋಯಿತು. ಒಂದು ನಾಯಿಯ ಒಡತಿಯಾಗಿ ಅಂದೇ ರಾಜೀನಾಮೆ ಕೊಟ್ಟೆ. ನಾಗೇಂದ್ರಪ್ಪನವರು ಅವಸರವಾಗಿ ಡಾಬರ್‌ಮನ್ನನ್ನು ಹೆಂಡತಿಯ ಹೆಸರಿಗೆ ಮಾಡಿ ಕಾರ್ಯದರ್ಶಿಯಾದರು, ಕಚೇರಿಯನ್ನು ಚಾಮರಾಜನಗರಕ್ಕೆ ಒಯ್ದರು. ಅಲ್ಲಿಗೆ ಬಂದು ಗೇಟು ಹಾಕುವ ಮೊದಲು ಹಿಂತಿರುಗುವುದು ಹೊರರಾಜ್ಯದವರಿಗೆ ಇನ್ನೂ ಕಷ್ಟವಾಯಿತು. ಈಗ ಮಹಾಮಂಡಲ ಒಂದು ವಾಟ್ಸಾಪ್ ಗುಂಪಾಗಿ ಉಳಿದಿದೆ. ಬೆಳಗಾದರೆ ನಾಯಿಮರಿಗಳ ಚಿತ್ರದೊಂದಿಗೆ ಶುಭೋದಯ ಬರುತ್ತದೆ.

“ನಿಮ್ಮೆಸ್ರಲ್ಲಿ ಇರ್ಲಿ, ನಮ್ ಬೀದೀಲಿ ಇರ್ಲಿ. ನಿಮ್ಗೇನ್ ಮುದ್ದೆ ಖರ್ಚಿಲ್ಲ” ಎಂದು ಸಿದ್ದಮ್ಮ ನಾಯಿ ಕರೆದುಕೊಂಡು ಹೋಗಿದ್ದಳು. ಅಲ್ಲಿಂದ ಶುರುವಾಯಿತು ನನ್ನ ಒಡೆತನ. ಹಂದಿ ಓಡಿಸಿದರೆ ಅದು ಬೀದಿಯವರ ನಾಯಿ. ಕೋಳಿ ಹಿಡಿದರೆ ನನಗೆ ಫೋನು: “ಮೇಡಂ, ನಿಮ್ ನಾಯಿ ಏನ್ ಮಾಡ್ಯದೆ ಗೊತ್ತಾ?” ಹಾಲಿನ ಡೈರಿಯವನ ಪಂಚೆ ಹರಿದಾಗ, ಪಕ್ಕದೂರಿನ ಹೆಣ್ಣುನಾಯಿಯ ಹಿಂದೆ ಹೋಗಿ ಊರಿಗೆಲ್ಲ ಕರಿ ಮರಿ ಹುಟ್ಟಿಸಿದಾಗ, ಎಲ್ಲಕ್ಕೂ ಜವಾಬು ಹೇಳಬೇಕಾದವಳು ನಾನು. ನಾನು ಬೈಯುತ್ತಿದ್ದೆ. ಫೋನು ಬಾರದ ವಾರ ಮಾತ್ರ ಏನೋ ಕಳೆದುಕೊಂಡವಳ ಹಾಗೆ ಇರುತ್ತಿದ್ದೆ. ಅಂದಹಾಗೆ, ಆ ವ್ಯಾನು ಕೊನೆಗೂ ಬರಲೇ ಇಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಸಿದ್ದಮ್ಮನೇ ಫೋನು ಮಾಡಿದಳು. ನಾನು ಎಂದಿನಂತೆ, “ಯಾರ ಕೋಳಿ?” ಎಂದೆ.

“ಕೋಳಿಯಲ್ಲ ಕಣವ್ವ. ಓಗ್ಬುಡ್ತು. ವಯಸ್ಸಾಗಿತ್ತಲ್ಲ. ಗುಂಡಿ ತೆಗ್ದಿವಿ. ನೀವು ಬರಗಂಟ ಮಣ್ಣು ಮಾಡಲ್ಲ.”

ಸಿಕ್ಕಿದ ಬಸ್ಸು ಹತ್ತಿ ಹೋದೆ. ಚೆಂಡುಹೂವಿನ ಹೊಲದ ಬದುವಿನಲ್ಲಿ ಇಡೀ ಬೀದಿ ಕಾದು ನಿಂತಿತ್ತು. ನನಗೆ ದಾರಿ ಬಿಟ್ಟರು. ಮೊದಲ ಹಿಡಿ ಮಣ್ಣು ಒಡತಿಯೇ ಹಾಕಬೇಕಂತೆ. ಕೊರಳ ಬಿಲ್ಲೆಯನ್ನು ಬಿಚ್ಚಿಕೊಳ್ಳಲೇ ಎಂದು ನಾನು ಬಗ್ಗಿದಾಗ ಸಿದ್ದಮ್ಮ ಕೈ ಹಿಡಿದಳು. “ಇರ್ಲಿ ಬುಡಿ. ಅಲ್ಲೂವೆ ವ್ಯಾನು ಗೀನು ಇದ್ರೆ?”

ನಗು ಬಂತು, ಅದರ ಹಿಂದೆಯೇ ಅಳು ಬಂತು. ಅಷ್ಟು ಜನರ ಎದುರು ಬಿಕ್ಕಿಬಿಕ್ಕಿ ಅತ್ತೆ. ನನ್ನದಲ್ಲದ ನಾಯಿಗೆ ನಾನು ಅಳುತ್ತಿದ್ದೇನೆ ಎಂದು ಅಲ್ಲಿ ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಬಸ್ ನಿಲ್ದಾಣದಲ್ಲಿ ಆ ಕಂದು ನಾಯಿ ಇನ್ನೊಮ್ಮೆ ಮೈ ಕೊಡವಿತು. ಈ ಸಲ ಪಕ್ಕದಲ್ಲಿದ್ದವರ ಬಿಳಿ ಪಂಚೆಗೂ ಪಾಲು ಸಿಕ್ಕಿತು. ಅವರು ಕೊಡೆ ಎತ್ತಿ, “ಥೂ! ಯಾರದ್ರೀ ಈ ನಾಯಿ?” ಎಂದು ಗದರಿದರು.

“ನಂದು” ಎಂದೆ.

“ನಿಮ್ದಾದ್ರೆ ಕರ್ಕೊಂಡೋಗ್ರಮ್ಮ ಆಚೆಗೆ!”

ಹೆಸರು ಗೊತ್ತಿರಲಿಲ್ಲ. “ಬಾ ಮಗ” ಎಂದೆ. ಬಾಲ ಆಡಿಸುತ್ತಾ ಹಿಂದೆ ಬಂತು. ಗುಂಡ್ಲುಪೇಟೆಯ ಬಸ್ಸು ಬಂದು, ನಿಂತು, ಹೊರಟಿತು. ನಾವಿಬ್ಬರೂ ಬೇಕರಿಯ ಮುಂದೆ ಬನ್ನು ತಿನ್ನುತ್ತಿದ್ದೆವು.