ಶಿವಶರಣಪ್ಪ ಕಾಕಾನ ಟಾಕಿ

ರವಿವಾರ ಖಡಖಡ ಸದ್ದೆದ್ದರೆ ಜೋರಾಪುರ ಪೇಟೆಯ ನೆರೆಯವರು, 'ಶಿವಶರಣಪ್ಪ ಕಾಕಾ ಟಾಕಿ ಹಿಡಕೊಂಡ ಕುಂತಾನ, ಇನ್ನ ನಿದ್ದಿ ಮುಗೀತು ತಗೋರಿ' ಎನ್ನುತ್ತಿದ್ದರು. ತನ್ನ ಹಳೆಯ ಫಟಫಟಿಯ ಪೆಟ್ರೋಲ್ ಟಾಕಿ ಬಿಚ್ಚಿ, ಒಳಗಿನ ತುಕ್ಕು ಬಿಡಿಸಲು ಹಿಡಿ ಜಲ್ಲಿಕಲ್ಲು ಹಾಕಿ, ಹೆಂಡತಿ ಕಾಳವ್ವ ಕಾಕು ಸಾರಿಗೆಂದು ಇಟ್ಟ ಹುಣಸೆಹಣ್ಣನ್ನೆಲ್ಲ ಕಿವುಚಿ ಸುರಿದು, ತೊಡೆಯ ಮೇಲಿಟ್ಟುಕೊಂಡು ಕುಲುಕುತ್ತಿದ್ದ. ಸಕ್ಕರೆ ಕೇಳಲು ಹೋದವರನ್ನೂ ಬಿಡುತ್ತಿರಲಿಲ್ಲ: 'ಕೈ ಖಾಲಿ ಅದಾವಲ್ಲ, ಮಾತಾಡಕೋತ ಅಳ್ಳಾಡಸ್ರಿ!' ತೊಳೆದದ್ದನ್ನು ಮಾಳಿಗೆಯ ಬಿಸಿಲಿಗಿಡುತ್ತಿದ್ದ; ಒಣಗಿದರೆ ಒಳಗೆ ಲೇಪ ಬಳಿದು ಸೋರುವ ತೂತು ಮುಚ್ಚಬಹುದಿತ್ತು. ಆದರೆ ಲೇಪದ ದಿನ ಇಣುಕಿದರೆ ಮತ್ತೆ ಕೆಂಪು ತುಕ್ಕು! 'ಹುಣಸಿಹಣ್ಣ ಹೋತು, ಸಾರೂ ಹೋತು, ಆ ಡಬ್ಬಿನ್ನ ಗುಜರಿಗೆ ಒಗೀರಿ' ಎಂದು ಕಾಕು ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಒಂದು ಮಧ್ಯಾಹ್ನ ನಮ್ಮ ಮಾಳಿಗೆಯಿಂದ ನೋಡುತ್ತೇನೆ, ಅದೇ ಕಾಕು ಒಣಗಿದ ಟಾಕಿಗೆ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದಾಳೆ! 'ಸುಮ್ನಿರು ತಮ್ಮಾ,' ಎಂದಳು. 'ಅವ್ರಿಗೆ ಒಂದ ಕಣ್ಣ ಪೂರಾ ಹೋಗೇತಿ, ಹೇಳಿದ್ರ ಕೇಳಂಗಿಲ್ಲ. ಗಾಡಿ ಚಾಲೂ ಆತಂದ್ರ ಟಿಕೋಟಾ ರೋಡಿನ ಲಾರಿಗೋಳ ನಡುವ ಹೊಂಟ ಬಿಡ್ತಾರ.' ಕಾಕಾ ಹಾಸಿಗೆ ಹಿಡಿದ ಮೇಲೆ ಕಾಕುವೇ ಟಾಕಿ ಕುಲುಕತೊಡಗಿದಳು. ಮಲಗಿದಲ್ಲಿಂದಲೇ ಅವನು 'ಇನ್ನೂ ಜೋರ ಅಳ್ಳಾಡಸ' ಎಂದು ಗದರುತ್ತಿದ್ದ. ಈ ಸಲ ಅದು ಒಣಗಿತು, ಲೇಪವೂ ಕೂತಿತು. ಹೆಗಲುಗಳ ಮೇಲೆ ಕಾಕಾ ಕೊನೆಯ ಸಲ ಮನೆಯಿಂದ ಹೊರಟಾಗ, ಕಾಕು ಹೇಳಿದಂತೆ ಅಳಿಯ ಫಟಫಟಿಯನ್ನು ಚಾಲೂ ಮಾಡಿ ಮುಂದೆ ನಡೆಸಿದ. ಹನಿಯೂ ಸೋರಲಿಲ್ಲ. 'ಹೋಗ್ರಿನ್ನ,' ಎಂದಳು ಕಾಕು, 'ನೀರ ಹಾಕೂದಿಲ್ಲ.'